ಪುಟ್ಟ ವಿಮಾನಗಳ ಅಂಟು

ಮಕ್ಕಳು ಜೋಡಿಸುವ ಪುಟ್ಟ ವಿಮಾನ, ಹಡಗುಗಳ ಮಾದರಿಗಳು ಬಹುತೇಕ ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ಕಿನವು. ಇವಕ್ಕೆಂದೇ ದೊರೆಯುವ ದ್ರಾವಕದ ಅಂಟು ನಿಜಾರ್ಥದಲ್ಲಿ ಅಂಟೇ ಅಲ್ಲ. ಎರಡೂ ಅಂಚುಗಳನ್ನು ತುಸು ಕರಗಿಸಿ ಒಂದಾಗಿಸುತ್ತದೆ. ದ್ರಾವಕ ಆರಿದ ಮೇಲೆ ಉಳಿಯುವುದು ಬೆಸುಗೆ. ಆದ್ದರಿಂದಲೇ ಬಣ್ಣ ಬಳಿದ ಅಂಚನ್ನು ಕೆರೆದು ಹಚ್ಚಬೇಕು. ಧಾರಾಳವಾಗಿ ಸುರಿದರೆ ರೆಕ್ಕೆಯೇ ಕರಗೀತು!

ಸೂಪರ್ ಗ್ಲೂ ಕ್ಷಣದಲ್ಲಿ ಹಿಡಿಯುತ್ತದೆ, ಬೆರಳನ್ನೂ ಬಿಡುವುದಿಲ್ಲ. ಅದರ ಆವಿ ಪಾರದರ್ಶಕ ಕಿಟಕಿಗಳ ಮೇಲೆ ಮಂಜಿನಂತೆ ಬಿಳಿಯಾಗಿ ಕೂರುತ್ತದೆ. ಅಲ್ಲಿಗೆ ನಮ್ಮ ಬಿಳಿಯ ಫೆವಿಕಾಲೇ ಲೇಸು.

ಹಳೆಯ ವಿದ್ಯಾರ್ಥಿಯೊಬ್ಬ ಮೊನ್ನೆ ದೂರವಾಣಿ ಮಾಡಿ, "ಮೇಷ್ಟ್ರೇ, ಮಗನಿಗೆ ಯಾವ ಅಂಟು ಒಳ್ಳೆಯದು?" ಎಂದು ಕೇಳಿದ. ಹುಡುಗ ಎ.ಸಿ. ಹಾಕಿದ ಕೋಣೆಯಲ್ಲಿ ಕದವಿಕ್ಕಿಕೊಂಡು ಕೂರುತ್ತಾನೆ, ಸಂಜೆಗೆ ತಲೆನೋವೆನ್ನುತ್ತಾನೆ ಎಂಬುದು ಮಾತಿನ ನಡುವೆ ತಿಳಿಯಿತು. "ಅಂಟಿನ ಮಾತು ಆಮೇಲೆ, ಮೊದಲು ಕಿಟಕಿ ತೆಗೆಸಪ್ಪಾ" ಎಂದೆ. ದ್ರಾವಕದ ಆವಿ, ಅದರಲ್ಲೂ ಟಾಲೂಯಿನ್, ನರಮಂಡಲಕ್ಕೆ ಕೆಡುಕು. ಕಿತ್ತಳೆಯ ಕಂಪಿನ ಲಿಮೊನೀನ್ ಅಂಟು ಮೂಗಿಗೆ ಹಿತವೇನೋ ಹೌದು. ಅದಕ್ಕೂ ಗಾಳಿಯಾಡುವ ಜಾಗವೇ ಬೇಕು.

ದ್ರಾವಕದ ಅಂಟುಗಳು ಬೇಗ ಹೊತ್ತಿಕೊಳ್ಳುತ್ತವೆ. ದೇವರ ದೀಪ, ಊದುಬತ್ತಿಗಳಿಂದ ದೂರವಿಡಿ. ಬಳಸಿದೊಡನೆ ಸೀಸೆಯ ಮುಚ್ಚಳ ಬಿಗಿಯಿರಿ.