ಅತ್ತೆ ಹೋದ ಮೇಲೆ

ನಾವು ಕಪ್ಪಿಲಿಯರ್ ಸಮುದಾಯದವರು. ಮನೆಯಲ್ಲಿ ಆಡುವುದು ಕನ್ನಡ, ಶಾಲೆಯಲ್ಲಿ ಕಲಿತದ್ದು ತಮಿಳು. ಕನ್ನಡ ಬರೆಯಲು ನನಗೆ ಬರುವುದಿಲ್ಲ. ನಾನು ಹೇಳಿದ್ದನ್ನು ಬೆಂಗಳೂರಿನಲ್ಲಿರುವ ನೆಂಟರ ಹುಡುಗಿ ಬರೆದುಕೊಂಡಿದ್ದಾಳೆ.

ನಮ್ಮೂರು ತಮಿಳುನಾಡಿನ ಕಂಬಂ ಹತ್ತಿರದ ಕಾಮಯಗೌಂಡನ್‌ಪಟ್ಟಿ. ಸುತ್ತ ದ್ರಾಕ್ಷಿ ತೋಟ, ಮುಲ್ಲಪೆರಿಯಾರ್ ನೀರು ಹರಿಯುವ ಕಡೆ ಭತ್ತ. ಜಮೀನಿಲ್ಲದ ನಮ್ಮಂಥವರು ಬೆಟ್ಟ ಹತ್ತುತ್ತೇವೆ. ಕಂಬಂಮೆಟ್ಟು ದಾಟಿದರೆ ಕೇರಳದ ಇಡುಕ್ಕಿ ಜಿಲ್ಲೆ, ಏಲಕ್ಕಿ ತೋಟಗಳು. ಬೆಳಕು ಹರಿಯುವ ಮೊದಲೇ ಜೀಪು ಬರುತ್ತದೆ. ಏಲಕ್ಕಿ ಗಿಡದ ಬುಡದಲ್ಲಿ ಕಾಯಿ ಬಿಡುತ್ತದೆ, ದಿನವಿಡೀ ಬಗ್ಗಿಯೇ ಕೀಳಬೇಕು. ಮಳೆಗಾಲದಲ್ಲಿ ಜಿಗಣೆ. ವಾಪಸ್ ಬರುವಾಗ ಕತ್ತಲಾಗಿರುತ್ತದೆ.

ಮಗನಿಗೆ ಆರು ತಿಂಗಳಾದಾಗ ನಾನು ಮತ್ತೆ ಜೀಪು ಹತ್ತಿದೆ. ಅವನನ್ನು ಬೆಳೆಸಿದ್ದು ನನ್ನ ಅತ್ತೆ. ನಾನು ಹೊರಡುವಾಗ ಅವನು ಮಲಗಿರುತ್ತಿದ್ದ, ಬಂದಾಗಲೂ ಹೆಚ್ಚಾಗಿ ಮಲಗಿಯೇ ಇರುತ್ತಿದ್ದ.

ಅವನಿಗೆ ಎರಡೂವರೆ ವರ್ಷ. ತೋಟದಲ್ಲಿ ಫೋನ್ ಸಿಗುವುದಿಲ್ಲ. ಒಂದು ಸಂಜೆ ಜೀಪು ಕಂಬಂಮೆಟ್ಟಿಗೆ ಬಂದಾಗ ಗಂಡನ ಕರೆ ಬಂತು. ಅತ್ತೆ ಮಧ್ಯಾಹ್ನವೇ ತೀರಿಕೊಂಡಿದ್ದರು. ಹೃದಯಾಘಾತ ಅಂದರು. ಮನೆಯಲ್ಲಿ ಇದ್ದದ್ದು ಅವರು ಮತ್ತು ನನ್ನ ಮಗ, ಇಬ್ಬರೇ. ಪಕ್ಕದ ಮನೆಯಕ್ಕ ಹಾಲು ಕೊಡಲು ಬಂದಾಗ ಅವನು ಅಜ್ಜಿಯ ಪಕ್ಕದಲ್ಲೇ ಕೂತಿದ್ದನಂತೆ. ಅತ್ತೆಯ ತುಟಿಗೆ ಅನ್ನ ಮೆತ್ತಿತ್ತಂತೆ. ಎಷ್ಟು ಹೊತ್ತು ಹಾಗೆ ಕೂತಿದ್ದನೋ ಯಾರಿಗೂ ಗೊತ್ತಿಲ್ಲ.

ಅವನು ಅಳಲಿಲ್ಲ. ಅಜ್ಜಿಯನ್ನು ಹುಡುಕಲೂ ಇಲ್ಲ. ಬಂದವರೆಲ್ಲ, ಸಣ್ಣ ಕೂಸು, ಬೇಗ ಮರೆಯುತ್ತೆ ಅಂದರು. ಅಜ್ಜಿ ಊರಿಗೆ ಹೋಗಿದ್ದಾಳೆ ಅಂತ ಹೇಳು ಅಂದರು. ಹಾಗೇ ಹೇಳಿದೆವು. ತಿಥಿ ಮುಗಿಯುವಷ್ಟರಲ್ಲಿ ಅವನ ಮಾತು ನಿಂತಿತ್ತು. ನನ್ನ ಕೈಯಿಂದ ತುತ್ತು ತಗೊಳ್ಳುತ್ತಿರಲಿಲ್ಲ. ಬಾಗಿಲ ಹತ್ತಿರ ನೆಲದ ಮೇಲೆ ಮಲಗುತ್ತಿದ್ದ. ಎತ್ತಿ ಹಾಸಿಗೆಗೆ ಹಾಕಿದರೆ ಎದ್ದು ಮತ್ತೆ ಅಲ್ಲಿಗೇ ಹೋಗುತ್ತಿದ್ದ. ಮೈ ಇಳಿಯಿತು.

ಕಿವಿ ಕೇಳುತ್ತಿಲ್ಲವೇನೋ ಅಂತ ಹೆದರಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಕಿವಿ ಸರಿ ಇತ್ತು. ಡಾಕ್ಟರಮ್ಮ ಎಲ್ಲ ಕೇಳಿದರು. “ಇವನನ್ನು ಸಾಕಿದವರು ಹೋಗಿದ್ದಾರೆ. ಇನ್ನು ಒಬ್ಬರು ದಿನಾ ಇವನ ಜೊತೆ ಇರಬೇಕು, ಅದೇ ಒಬ್ಬರು. ಅಜ್ಜಿ ಊರಿಗೆ ಹೋಗಿದ್ದಾಳೆ ಅನ್ನಬೇಡಿ. ಸತ್ತುಹೋದರು, ಬರುವುದಿಲ್ಲ ಅಂತ ಹೇಳಿ. ಅವರ ಮಾತು ತೆಗೆಯಿರಿ,” ಅಂದರು. ಮಾತ್ರೆ ಬರೆಯಲಿಲ್ಲ.

ಇದನ್ನು ಬರೆದುಕೊಂಡ ಹುಡುಗಿ ಒಂದು ಸಂಗತಿ ಹೇಳಿದಳು. ಇಂಗ್ಲೆಂಡಿನಲ್ಲಿ ಜೇಮ್ಸ್ ರಾಬರ್ಟ್‌ಸನ್ ಎಂಬವರು, ಆಸ್ಪತ್ರೆಯಲ್ಲಿ ತಾಯಿಯಿಂದ ದೂರವಿದ್ದ ಎರಡು ವರ್ಷದ ಮಗುವಿನ ಚಲನಚಿತ್ರ ತೆಗೆದು 1952ರಲ್ಲಿ ತೋರಿಸಿದರಂತೆ. ಆ ಕಾಲದಲ್ಲಿ, ಅಳದೆ ಸುಮ್ಮನಿದ್ದ ಮಗು ಹೊಂದಿಕೊಂಡಿದೆ ಎಂದೇ ಆಸ್ಪತ್ರೆಯವರು ತಿಳಿದಿದ್ದರಂತೆ. ನಮ್ಮ ಬೀದಿಯವರೂ ಹಾಗೇ ತಿಳಿದರು.

ಕೆಲಸಕ್ಕೆ ಕರೆದೊಯ್ಯುವ ಕಂಗಾಣಿ ಮುಂಗಡ ಕೊಟ್ಟಿದ್ದ. ಕೆಲಸಕ್ಕೆ ಬಾ, ಇಲ್ಲ ದುಡ್ಡು ಕೊಡು ಅಂದ. ಮಗುವನ್ನೂ ಕರೆದುಕೊಂಡು ಹೋಗು ಅಂತ ಕೆಲವರು ಹೇಳಿದರು. ತುಂಬಿದ ಜೀಪಿನಲ್ಲಿ, ಆ ತಿರುವುಗಳಲ್ಲಿ ಅದು ಆಗುವ ಮಾತಲ್ಲ. 50 ಅಥವಾ ಹೆಚ್ಚು ಹೆಂಗಸರು ದುಡಿಯುವ ತೋಟದಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಜಾಗ ಇರಬೇಕು ಅಂತ 1951ರ ತೋಟ ಕಾರ್ಮಿಕರ ಕಾಯ್ದೆಯಲ್ಲಿ ಇತ್ತಂತೆ. ನಾವು ಹೋಗುತ್ತಿದ್ದದ್ದು ಸಣ್ಣ ತೋಟಗಳಿಗೆ, ಇವತ್ತು ಒಂದು, ನಾಳೆ ಇನ್ನೊಂದು. ನಾನು ಓಲೆ ಅಡವಿಟ್ಟು ಮನೆಯಲ್ಲೇ ಉಳಿದೆ.

ಉಳಿದೆ, ಆದರೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಅವನ ಅಭ್ಯಾಸಗಳೆಲ್ಲ ಅತ್ತೆಗೆ ಗೊತ್ತಿದ್ದವು, ನನಗಲ್ಲ. ಪಕ್ಕದ ಮನೆಯಕ್ಕ ಹೇಳಿಕೊಟ್ಟರು. ಮೀಯಿಸುವಾಗ ನೀರು ಮೊದಲು ಕಾಲಿಗೆ ಹುಯ್ಯಬೇಕು, ಆಮೇಲೆ ಹೊಟ್ಟೆಗೆ, ತಲೆಗೆ ಕೊನೆಯಲ್ಲಿ. ಊಟ ಒಳಗಲ್ಲ, ಜಗಲಿಯ ಮೇಲೆ. ಮೊದಲ ತುತ್ತು ಕಾಗೆಗೆ, ಅದನ್ನು ಅವನೇ ಎಸೆಯಬೇಕು. ಮೊಸರನ್ನ ಬೆರಳಲ್ಲಿ ಚೆನ್ನಾಗಿ ಹಿಸುಕಬೇಕು. ಅಂಗನವಾಡಿ ಟೀಚರ್ ಇನ್ನೊಂದು ಹೇಳಿದರು: ಮಲಗಿಸುವಾಗ ಅತ್ತೆ ಅವನ ಬೆನ್ನು ತಟ್ಟುತ್ತಿರಲಿಲ್ಲ, ಕಿವಿಯ ಹಿಂದೆ ಸವರುತ್ತಿದ್ದರು.

ನಾನು ಹಾಗೇ ಮಾಡಿದೆ. ಮೊದಮೊದಲು ಅನ್ನ ನನ್ನ ಮುಖಕ್ಕೆ ಎಸೆದ. ಕೈ ಕಚ್ಚಿದ. ಒಮ್ಮೆ ನನಗೂ ಕೈ ಎತ್ತುವಷ್ಟು ಸಿಟ್ಟು ಬಂತು. ಎದ್ದು ಹಿತ್ತಿಲಿಗೆ ಹೋಗಿ ನಿಂತೆ. ರಾತ್ರಿ ನಾನೂ ಬಾಗಿಲ ಹತ್ತಿರವೇ ಚಾಪೆ ಹಾಸಿಕೊಂಡೆ. ಅತ್ತೆ ಸತ್ತ ವಿಷಯ ಹೇಳಿದ ದಿನ ಅವನು ನನ್ನ ಬಾಯಿಯನ್ನೇ ನೋಡುತ್ತಿದ್ದ, ಮತ್ತೇನೂ ಮಾಡಲಿಲ್ಲ. ನನ್ನ ಕೈ ನಡುಗುತ್ತಿತ್ತು.

ಕೆಲವು ವಾರಗಳ ಮೇಲೆ, ಉಪ್ಪು ತರಲು ಅಂಗಡಿಗೆ ಹೊರಟಾಗ ಅವನು ಹಿಂದೆಯೇ ಓಡಿಬಂದು ಸೀರೆ ಹಿಡಿದು ಅತ್ತ. ಅತ್ತೆ ಹೋದ ಮೇಲೆ ಅವನು ಅತ್ತದ್ದು ಅದೇ ಮೊದಲು. ಎತ್ತಿಕೊಂಡೆ. ಆಮೇಲೆ ಡಾಕ್ಟರಮ್ಮನಿಗೆ ಹೇಳಿದಾಗ, “ಒಳ್ಳೆಯದೇ ಆಯಿತು,” ಅಂದರು. ಮಾತು ಬರಲು ಇನ್ನೂ ತಡವಾಯಿತು. ಮೊದಲು ಬಂದದ್ದು “ಕಾಗೆ”.

ಈಗ ನಾನು ಮಗನನ್ನು ಕರೆದುಕೊಂಡು ಊರಿನ ದ್ರಾಕ್ಷಿ ತೋಟಕ್ಕೆ ಹೋಗುತ್ತೇನೆ. ಕೂಲಿ ಬೆಟ್ಟದ ಮೇಲಿನಷ್ಟಿಲ್ಲ. ಔಷಧಿ ಹೊಡೆಯುವ ದಿನ ಮಗುವನ್ನು ಕರೆದುಕೊಂಡು ಹೋಗುವಂತಿಲ್ಲ, ಆ ದಿನ ನಾನೂ ಹೋಗುವುದಿಲ್ಲ. ಓಲೆ ಇನ್ನೂ ಬಿಡಿಸಿಲ್ಲ.

ನನ್ನ ತಂಗಿ ಈ ವರ್ಷ ಜೀಪು ಹತ್ತಿದಳು. ಅವಳ ಮಗಳು ಹಗಲಲ್ಲಿ ನನ್ನ ಹತ್ತಿರ ಇರುತ್ತಾಳೆ. ರಾತ್ರಿ ತಂಗಿ ಬಂದಾಗ ಮಗು ಏನು ತಿಂದಿತು, ಯಾವುದಕ್ಕೆ ಹೆದರಿತು, ಹೇಗೆ ಮಲಗಿತು, ಎಲ್ಲ ಹೇಳುತ್ತೇನೆ. ಅವಳು ತೂಕಡಿಸುತ್ತಿರುತ್ತಾಳೆ. ಆದರೂ ಕೂರಿಸಿಕೊಂಡು ಹೇಳುತ್ತೇನೆ.