ಹೆಸರೊಂದೇ, ಹೊಣೆ ಬೇರೆ

ಬಸವರಾಜನೆಂಬ ಹೆಸರು ನಮ್ಮ ಸೀಮೆಯಲ್ಲಿ ಮನೆಗೊಂದುಂಟು. ಮಠದ ಪಾಠಶಾಲೆಯಲ್ಲಿ ನನ್ನಲ್ಲಿ ಓದಿದ, ಅದೇ ಹೆಸರಿನ ಶಿಕ್ಷಕರೊಬ್ಬರ ವೇತನದಿಂದ ಮೂರು ತಿಂಗಳು ಯಾರದೋ ಮಗುವಿನ ಜೀವನಾಂಶ ಕಡಿತವಾಯಿತು. ಕಚೇರಿಯವರು ತಂದೆಯ ಹೆಸರನ್ನು ನೋಡಿರಲಿಲ್ಲ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೆಯ ಕಲಮು ಜೀವನಾಂಶದ ಡಿಕ್ರಿಯಲ್ಲಿಯೂ ವೇತನದ ಮೂರನೆಯ ಒಂದು ಪಾಲನ್ನು ಜಪ್ತಿಯಿಂದ ಕಾಯುತ್ತದೆ. ಮಡದಿಯ ಮನದಲ್ಲಿ ಮೂಡಿದ ಸಂಶಯದಿಂದ ಕಾಯುವ ಕಲಮಿಲ್ಲ.

ನಾನೂ ಜೊತೆಗೆ ಹೋಗಿ, ಸೇವಾ ಪುಸ್ತಕವನ್ನೂ ನ್ಯಾಯಾಲಯದ ಆದೇಶವನ್ನೂ ಹೋಲಿಸಿ ತೋರಿಸಿದೆ. ತಪ್ಪನ್ನು ಒಪ್ಪಿಕೊಂಡರು. ಹೊರಬಂದಾಗ ಶಿಷ್ಯರು ಕೇಳಿದರು: "ಗುರುಗಳೇ, ಬರುವ ತಿಂಗಳು ಆ ಮಗುವಿಗೆ ಯಾರು ಕೊಡುವರು?"

ನಾನು ನಾಚಿದೆ. ಹಣದ ಚಿಂತೆಯಲ್ಲಿ ಕೂಸನ್ನೇ ಮರೆತಿದ್ದೆ. ಆದೇಶವು ನಿಜವಾದ ತಂದೆಯನ್ನು ತಲುಪಲೆಂದು ಅರ್ಜಿ ಬರೆದುಕೊಡಲು ಮತ್ತೆ ಒಳಗೆ ಹೋದೆವು.