ಹನ್ನೆರಡರಲ್ಲಿ ಏಳು

ಅಡುಗೆಮನೆಯಿಂದ ಹಾಲ್ ದಾಟಿ ದೇವರಮನೆಗೆ ಹೋಗುವಾಗ ಅಮ್ಮ ಗೋಡೆಯ ಪಕ್ಕಕ್ಕೇ ನಡೆಯುತ್ತಾಳೆ. ಹಾಲಿನ ನಡುವೆ ಕಾಲಿಡುವುದಿಲ್ಲ. ಮಂಡಿನೋವು ಇರಬೇಕು ಅಂತ ಮನೆಗೆ ಬಂದವರು ಅಂದುಕೊಳ್ಳುತ್ತಾರೆ, ನಾನೂ ತಿದ್ದಲು ಹೋಗುವುದಿಲ್ಲ. ಆ ನಡಿಗೆ ಕಲಿಸಿದವನು ನಾನು.

ಸುದ್ದಗುಂಟೆಪಾಳ್ಯದಲ್ಲಿ, ಕ್ರೈಸ್ಟ್ ವಿಶ್ವವಿದ್ಯಾಲಯದಿಂದ ನಡೆದೇ ಬರುವಷ್ಟು ದೂರದಲ್ಲಿ, ಎರಡನೇ ಮಹಡಿಯಲ್ಲಿ ನಮ್ಮ ಮನೆ. ಆಚೆಗೊಂದು ಪಿಜಿ, ಈಚೆಗೊಂದು ಪಿಜಿ. ಬೆಳಿಗ್ಗೆ ನೀರಿನ ಟ್ಯಾಂಕರ್, ಸಂಜೆ ಬೋರ್‌ವೆಲ್ ಮೋಟರ್, ರಾತ್ರಿ ಹನ್ನೊಂದಾದರೂ ಹುಡುಗರ ಬೈಕು. ಇಂಥ ಕಡೆ ಎಲ್‌ಪಿ ತಟ್ಟೆ ಹಾಕಿಕೊಂಡು ದೊರೆಸ್ವಾಮಿ ಅಯ್ಯಂಗಾರರ ವೀಣೆ ಕೇಳಲು ಕೂತವನಿಗೆ ನೆಲದ ಅದುರಾಟದ ಮೇಲೆ, ಕರೆಂಟಿನ ಮೇಲೆ ಸಿಟ್ಟು ಬರುವುದು ಸಹಜ. ಸಹಜ ಅಂದೆ, ಆದರೆ ನನಗೆ ಮೊದಲು ಸಿಟ್ಟು ಬಂದದ್ದು ಟ್ಯಾಂಕರಿನ ಮೇಲಲ್ಲ, ಅಮ್ಮನ ಹೆಜ್ಜೆಯ ಮೇಲೆ.

ಅಲುಗಿದ್ದು ತಟ್ಟೆಯ ಗೆರೆಯೋ ಮನೆಯ ನೆಲವೋ ಅನ್ನುವುದು ಸೂಜಿಗೆ ಗೊತ್ತಾಗುವುದಿಲ್ಲ. ನನ್ನ ಕಾರ್ಟ್ರಿಜ್ ಕೊಡುವುದೇ ಸುಮಾರು 5 ಮಿಲಿವೋಲ್ಟ್. ತಟ್ಟೆ ಕೊರೆಯುವಾಗ ಮಂದ್ರದ ಸದ್ದನ್ನು ಕುಗ್ಗಿಸಿರುತ್ತಾರೆ, ಫೋನೋ ಪ್ರಿಆಂಪ್ ಅದನ್ನು ಮತ್ತೆ ಎತ್ತಿ ಕೊಡಬೇಕು. 1954ರಲ್ಲಿ ಬಂದ ಆರ್‌ಐಎಎ ಲೆಕ್ಕದ ಪ್ರಕಾರ 20 ಹರ್ಟ್ಜ್‌ನ ಸದ್ದು 1000 ಹರ್ಟ್ಜ್‌ನ ಸದ್ದಿಗಿಂತ ಒಂಬತ್ತು ಪಟ್ಟಿಗೂ ಹೆಚ್ಚು ಏರುತ್ತದೆ. ವೀಣೆಯ ಜೊತೆ ನೆಲದ ಅದುರಾಟವೂ ಏರುತ್ತದೆ. ಅಮ್ಮ ಹಾಲಿಗೆ ಬಂದರೆ ವೂಫರಿನ ಕಪ್ಪು ಕೋನ್ ಸದ್ದೇ ಇಲ್ಲದೆ ಹೊರಕ್ಕುಬ್ಬಿ ಒಳಕ್ಕೆ ಹೋಗುತ್ತಿತ್ತು, ಹೆಜ್ಜೆಗೊಂದು ಸಲ. ಅದನ್ನು ನೋಡಿ "ಅಮ್ಮಾ, ಸ್ವಲ್ಪ ಮೆಲ್ಲಗೆ" ಅಂದೆ. ಎಷ್ಟು ಸಲ ಅಂದಿದ್ದೇನೋ ಲೆಕ್ಕ ಇಟ್ಟಿಲ್ಲ.

ಗೋಡೆಗೆ ಶೆಲ್ಫ್ ಹೊಡೆಸಿ ಟರ್ನ್‌ಟೇಬಲನ್ನು ಅದರ ಮೇಲಿಟ್ಟರೆ ಮುಗಿಯಿತು ಅಂತ ಮೊದಲ ವಾರವೇ ಓದಿಕೊಂಡಿದ್ದೆ. ಹೊಡೆಸಲಿಲ್ಲ. ಕಡಪ ಕಲ್ಲಿನ ಚಪ್ಪಡಿ ತಂದೆ, ಸ್ಕ್ವಾಷ್ ಚೆಂಡುಗಳನ್ನು ಅರ್ಧಕ್ಕೆ ಕೊಯ್ದು ಅದರ ಕೆಳಗಿಟ್ಟೆ. ಇನ್ನೂ ಕೆಟ್ಟಿತು. ಕಾರಣ ಸರಳ. ಮೆತ್ತನೆಯ ಆಸರೆ ಭಾರಕ್ಕೆ ಒಂದು ಸೆಂಟಿಮೀಟರ್ ಕುಗ್ಗಿದರೆ ಅದರ ಸ್ವಂತ ತೂಗಾಟ ಸೆಕೆಂಡಿಗೆ ಸುಮಾರು 5 ಸಲ, ಕಾಲು ಸೆಂಟಿಮೀಟರ್ ಮಾತ್ರ ಕುಗ್ಗಿದರೆ 10 ಸಲ. ನನ್ನ ಚೆಂಡುಗಳು ಕುಗ್ಗಿದ್ದು ಕಾಲೇ ಸೆಂಟಿಮೀಟರ್. ಟೋನ್‌ಆರ್ಮ್ ಮತ್ತು ಕಾರ್ಟ್ರಿಜ್ ಸೇರಿ ತೂಗುವುದೂ ಸಾಮಾನ್ಯವಾಗಿ 8ರಿಂದ 12 ಹರ್ಟ್ಜ್ ನಡುವೆ. ಜೋಕಾಲಿಯನ್ನು ಸರಿಯಾದ ಹೊತ್ತಿಗೆ ತಳ್ಳಿಕೊಟ್ಟ ಹಾಗಾಯಿತು. ಆಮೇಲೆ ಸ್ಪ್ರಿಂಗು, ಆಮೇಲೆ ಸೈಕಲ್ ಟ್ಯೂಬು. ತಟ್ಟೆಯನ್ನೂ ಆರ್ಮನ್ನೂ ಒಟ್ಟಿಗೆ ಸ್ಪ್ರಿಂಗಿನ ಮೇಲೆ ತೂಗಿಬಿಟ್ಟರೆ ಅವೆರಡೂ ಒಂದಾಗಿ ಅಲುಗುತ್ತವೆ, ಸೂಜಿಗೆ ವ್ಯತ್ಯಾಸವೇ ತಿಳಿಯುವುದಿಲ್ಲ ಅನ್ನುವ ಉಪಾಯವನ್ನು ಅಮೆರಿಕದ ಎಡ್ಗರ್ ವಿಲ್ಚರ್ 1961ರಲ್ಲೇ ತನ್ನ ಟರ್ನ್‌ಟೇಬಲಿನಲ್ಲಿ ಮಾಡಿ ತೋರಿಸಿದ್ದ. ಅದನ್ನು ಓದಿ ಖುಷಿಪಟ್ಟು ಇನ್ನೊಂದು ತಿಂಗಳು ಕಳೆದೆ. ಒಟ್ಟು ಎಂಟು ತಿಂಗಳು. ಅಷ್ಟೂ ದಿನ ಅಮ್ಮ ಗೋಡೆ ಹಿಡಿದು ನಡೆದಳು.

ಕೊನೆಗೊಂದು ಶನಿವಾರ ಒಂಬತ್ತಿಂಚಿನ ಇಟ್ಟಿಗೆ ಗೋಡೆಗೆ ಕಬ್ಬಿಣದ ಬ್ರಾಕೆಟ್ ಹೊಡೆಸಿದೆ. ಅರ್ಧ ದಿನದ ಕೆಲಸ. ಕೋನ್ ಅಲುಗುವುದು ನಿಂತಿತು. ಇಷ್ಟು ಸುಲಭದ್ದನ್ನು ಯಾಕೆ ತಡ ಮಾಡಿದೆ ಅಂತ ಕೇಳಿಕೊಂಡರೆ, ಪ್ರಯೋಗ ರುಚಿಸಿತ್ತು ಅನ್ನುವುದಕ್ಕಿಂತ ಮರ್ಯಾದೆಯ ಉತ್ತರ ಸಿಗುವುದಿಲ್ಲ. ಸಮಸ್ಯೆ ತೀರಿಬಿಟ್ಟರೆ ಸಂಜೆ ಏನು ಮಾಡುವುದು ಅನ್ನುವ ಭಯವೂ ಸ್ವಲ್ಪ ಇತ್ತೇನೋ.

ಶೆಲ್ಫ್ ಕೆಲಸ ಮಾಡಿತು, ಅದು ಕಣ್ಣಿಗೆ ಕಾಣುವ ಸತ್ಯ. ಆದರೆ ಆ ಸತ್ಯದಿಂದ ನನ್ನ ಕಿವಿಗೆ ಒಂದು ಅಧಿಕಾರ ಬಂದುಬಿಟ್ಟಿತು. ಅಲ್ಲಿ ಸರಿ ಹೇಳಿದವನು ಇಲ್ಲೂ ಸರಿಯೇ ಹೇಳುತ್ತೇನೆ ಅಂತ ನಂಬಿದೆ, ನಂಬಿಸಿದೆ. ಎಸ್.ಪಿ. ರೋಡಿಗೆ ಹೋಗಿ ಟೊರಾಯ್ಡಲ್ ಟ್ರಾನ್ಸ್‌ಫಾರ್ಮರ್, ಡಯೋಡ್ ಬ್ರಿಜ್, ದಪ್ಪ ಕೆಪಾಸಿಟರ್‌ಗಳು, ರೆಗ್ಯುಲೇಟರ್ ತಂದು ಪ್ರಿಆಂಪಿಗೆ ಹೊಸ ಪವರ್ ಸಪ್ಲೈ ಕಟ್ಟಿದೆ. ಜೊತೆಗೆ ಬಂದಿದ್ದ ಪುಟ್ಟ ಅಡಾಪ್ಟರ್ ಕಸ ಅಂದೆ. ಪಕ್ಕದ ಮೋಟರ್ ಶುರುವಾದಾಗ ಮನೆಯ ದೀಪ ಮಂಕಾಗುವುದನ್ನು ತೋರಿಸಿ, ಇಂಥ ಕರೆಂಟಿನಲ್ಲಿ ವೀಣೆ ಹೇಗೆ ಸರಿ ಕೇಳಿಸುತ್ತದೆ ಅಂದೆ. ಪ್ರಿಆಂಪಿನ ಒಳಗೇ ಇನ್ನೊಂದು ರೆಗ್ಯುಲೇಟರ್ ಇದೆ, ಹೊರಗಿನ ಏರಿಳಿತವನ್ನು ಬಹುಪಾಲು ಅದೇ ತಡೆಯುತ್ತದೆ. ಮುಚ್ಚಳ ಬಿಚ್ಚಿದವನಿಗೆ ಅದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೂ ವೀಣೆ ಬೇರೆಯಾಗಿ ಕೇಳಿಸಿತು. ಕೇಳಿಸಿತು ಅನ್ನುವುದು ಸುಳ್ಳಲ್ಲ. ಮೀಟಿದ ಸ್ವರ ಆರುತ್ತ ಹೋಗುವಾಗ ಅದರ ಹಿಂದಿನ ಮೌನ ಹೆಚ್ಚು ಕಪ್ಪಾಗಿದೆ ಅನ್ನಿಸಿದ್ದು ನಿಜ.

ಒಂದು ಭಾನುವಾರ ಇದನ್ನು ಪರೀಕ್ಷಿಸೋಣ ಅನ್ನಿಸಿತು. ಅನುಮಾನದಿಂದಲ್ಲ. ಪ್ರಮಾಣಪತ್ರ ಬೇಕಿತ್ತು. ನಾನು ಬೆನ್ನು ಹಾಕಿ ಕೂರುವುದು, ಅಮ್ಮ ಒಂದು ರೂಪಾಯಿ ನಾಣ್ಯ ಚಿಮ್ಮಿ ಹಳೆಯದೋ ಹೊಸದೋ ಒಂದಕ್ಕೆ ತಂತಿ ಸಿಕ್ಕಿಸಿ ಸೂಜಿ ಇಳಿಸುವುದು. ಎರಡು ನಿಮಿಷ ವೀಣೆ. ಹಳೆಯದಾದರೆ ಹ, ಹೊಸದಾದರೆ ಹೊ ಅಂತ ಅವಳು ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ ಬರೆಯುತ್ತಿದ್ದಳು, ಪಕ್ಕದಲ್ಲಿ ನಾನು ಹೇಳಿದ್ದು. ಹುಡುಗಿಯಾಗಿದ್ದಾಗ ಮೈಸೂರಿನಲ್ಲಿ ವೀಣೆ ಕಲಿತವಳು. ನಡುವೆ ಒಮ್ಮೆ ಮಾತ್ರ "ಪೂರ್ತಿ ಒಂದ್ಸಲ ಹಾಕೋ, ರಾಗ ಬಿಚ್ಕೊಳ್ಳೋ ಹೊತ್ಗೆ ನಿಲ್ಲಿಸ್ತೀಯ" ಅಂದಳು. ಪರೀಕ್ಷೆ ಮುಗಿಯಲಿ ಅಂದೆ.

ಹನ್ನೆರಡು ಸಲದಲ್ಲಿ ಏಳು ಸರಿ. "ಏಳು ಬಂತಲ್ಲೋ, ಪಾಸಾದೆ" ಅಂದಳು ಅಮ್ಮ. ಬರೀ ನಾಣ್ಯ ಚಿಮ್ಮಿ ಉತ್ತರ ಹೇಳಿದರೂ ನೂರಕ್ಕೆ ಸುಮಾರು 39 ಸಲ ಏಳೋ ಅದಕ್ಕಿಂತ ಹೆಚ್ಚೋ ಬರುತ್ತದೆ. ಹತ್ತು ಬಂದರೆ ಒಪ್ಪುತ್ತೇನೆ ಅಂತ ಮೊದಲೇ ನಿಶ್ಚಯಿಸಿದ್ದೆ. ಅದು ಬರೀ ಅದೃಷ್ಟದಿಂದ ಬರುವುದು ನೂರಕ್ಕೆ ಎರಡಕ್ಕಿಂತ ಕಡಿಮೆ. ಏಳು ಬಂದ ಕೂಡಲೇ ಕಿವಿ ದಣಿದಿತ್ತು, ಹೊರಗೆ ಗಲಾಟೆ ಇತ್ತು, ಹನ್ನೆರಡು ಸಲ ಸಾಲದು ಅಂತ ಕಾರಣ ಹುಡುಕಿದೆ. ಆ ಕಾರಣಗಳು ಸುಳ್ಳೇನಲ್ಲ, ಒಬ್ಬನ ಒಂದು ಭಾನುವಾರದಿಂದ ಏನೂ ಸಾಬೀತಾಗುವುದಿಲ್ಲ. ಆದರೆ ಹತ್ತು ಬಂದಿದ್ದರೆ ಅವುಗಳಲ್ಲಿ ಒಂದೂ ನನಗೆ ಹೊಳೆಯುತ್ತಿರಲಿಲ್ಲ. ಹಾಳೆಯನ್ನು ಮಡಚಿ ಆ ಎಲ್‌ಪಿಯ ಕವರಿನೊಳಗೇ ಇಟ್ಟೆ.

ಹತ್ತು ದಿನವಾಗಿರಲಿಲ್ಲ, ಬನಶಂಕರಿಯ ಗೆಳೆಯರು ಫೋನ್ ಮಾಡಿದರು. ಹಿಂದೆ ನಮ್ಮ ಮನೆಗೆ ಬಂದು ಆ ಸಪ್ಲೈ ಜೊತೆ ಕೇಳಿ ಹೋಗಿದ್ದವರು. ನನಗೂ ಒಂದು ಕಟ್ಟಿಕೊಡಿ ಅಂದರು. ಆಗ ಹೇಳಬಹುದಿತ್ತು. "ಕಟ್ಟೋಣ, ಅದಕ್ಕೇನಂತೆ" ಅಂದೆ. ಸಾಮಾನಿನ ಖರ್ಚು 11,500 ರೂಪಾಯಿ ಮಾತ್ರ ತೆಗೆದುಕೊಂಡೆ, ಕೂಲಿ ಮುಟ್ಟಲಿಲ್ಲ. ಲಾಭ ಮಾಡಿಕೊಳ್ಳಲಿಲ್ಲ ಅಂತ ಬಹಳ ದಿನ ಸಮಾಧಾನ ಮಾಡಿಕೊಂಡೆ. ನನಗೆ ಬೇಕಿದ್ದದ್ದು ಬೇರೆ, ಅದು ಸಿಕ್ಕಿತ್ತು. ಸಿಕ್ಕಿಸಿದ ರಾತ್ರಿಯೇ ಅವರು ಫೋನ್ ಮಾಡಿ "ವೀಣೆ ಈಗ ಉಸಿರಾಡ್ತಿದೆ ಕಣ್ರೀ, ನಿಮ್ಮ ಕಿವಿ ಕಿವಿ" ಅಂದರು.

ಅವರ ಸಂತೋಷ ಕೆಡಿಸಬಾರದು ಅಂತ ಸುಮ್ಮನಿದ್ದೇನೆ ಅನ್ನಬಹುದು. ಅದರಲ್ಲಿ ಎಷ್ಟು ಪಾಲು ಅವರ ಮೇಲಿನ ಕಾಳಜಿ, ಎಷ್ಟು ಪಾಲು ಆ ಮಾತನ್ನು ಕಳೆದುಕೊಳ್ಳಲಾರದ ಆಸೆ ಅಂತ ಬಿಡಿಸಿ ನೋಡಲು ಕೂತರೆ, ಮೊದಲನೆಯದು ಕರಗುತ್ತ ಬರುತ್ತದೆ. ಪೂರ್ತಿ ಕರಗುತ್ತದೆ ಅಂತಲೂ ಹೇಳಲಾರೆ. ಅವರು ನಿಜಕ್ಕೂ ಈಗ ದಿನಾ ಕೇಳುತ್ತಾರಂತೆ.

ಅಮ್ಮನಿಗೆ ಶೆಲ್ಫ್ ತೋರಿಸಿ, ಇನ್ನು ಹೇಗೆ ಬೇಕಾದರೂ ನಡೆಯಮ್ಮ ಅಂದಿದ್ದೆ. ಹೂಂ ಅಂದಳು. ತಟ್ಟೆ ತಿರುಗುತ್ತಿರಲಿ ಬಿಡಲಿ, ಗೋಡೆಯ ಪಕ್ಕ ಬಿಟ್ಟು ಬರಲಿಲ್ಲ.

ಕಳೆದ ತಿಂಗಳು ಗೆಳೆಯರು ಮನೆಗೆ ಬಂದಾಗ ಆ ವೀಣೆಯ ಎಲ್‌ಪಿಯನ್ನು ಒಂದು ವಾರಕ್ಕೆ ಕೇಳಿದರು. ಕೊಡುತ್ತೇನೆ ಅಂದು ಒಳಗಿನ ಕೋಣೆಗೆ ಹೋದೆ. ಧೂಳು ಒರೆಸುವ ನೆಪದಲ್ಲಿ ಕವರಿನೊಳಗೆ ಬೆರಳು ಹಾಕಿ ಕ್ಯಾಲೆಂಡರ್ ಹಾಳೆಯನ್ನು ತೆಗೆದು ಇನ್ನೊಂದು ತಟ್ಟೆಯ ಕವರಿಗೆ ಸೇರಿಸಿದೆ. ಅಮ್ಮ ಬಾಗಿಲ ಹತ್ತಿರ ನಿಂತಿದ್ದಳು. ಅವಳು ಬಂದ ಸದ್ದು ನನಗೆ ಕೇಳಿಸಿರಲಿಲ್ಲ.